ಮಾಸ್ಟರ್ಸ್ ಅಟ್ ವರ್ಕ್: ಯಂತ್ರದ ತಾಳಕ್ಕೆ ವಾದ್ಯಗಾರರನ್ನು ಕರೆತಂದ ಜೋಡಿ

ಮಾಸ್ಟರ್ಸ್ ಅಟ್ ವರ್ಕ್ ನ್ಯೂಯಾರ್ಕಿನ ಇಬ್ಬರು ಡಿಜೆಗಳು ಕಟ್ಟಿದ ಹೌಸ್ ಸಂಗೀತದ ಜೋಡಿ. ಒಬ್ಬರು 1965ರಲ್ಲಿ ಬ್ರಾಂಕ್ಸಿನಲ್ಲಿ ಹುಟ್ಟಿದ ಲೂಯಿ ವೇಗಾ. ಇನ್ನೊಬ್ಬರು 1970ರಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಕೆನ್ನಿ ಗೊನ್ಜಾಲೆಸ್; ನೃತ್ಯಸಂಗೀತದ ವಲಯದಲ್ಲಿ ಅವರು ಕೆನ್ನಿ ಡೋಪ್ ಎಂದೇ ಪರಿಚಿತರು. ಇಬ್ಬರೂ ಪೋರ್ಟೊ ರಿಕೊದಿಂದ ವಲಸೆ ಬಂದ ಕುಟುಂಬಗಳ ಮಕ್ಕಳು. 1990ರ ಸುಮಾರಿಗೆ ಜೊತೆಯಾದ ಇವರು ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಮಾಡಿದ ಕೆಲಸದ ರಾಶಿ ದೊಡ್ಡದು: ತಮ್ಮದೇ ಹೆಸರಿನಲ್ಲಿ, ಹಲವು ಬದಲಿ ಹೆಸರುಗಳಲ್ಲಿ, ಬೇರೆಯವರ ಹಾಡುಗಳ ಮರುರೂಪಗಳಲ್ಲಿ ಅದು ಚದುರಿಕೊಂಡಿದೆ. ಆ ರಾಶಿಯ ನಡುವೆ ಎದ್ದು ಕಾಣುವ ಸಾಧನೆ ಒಂದಿದೆ. ಯಂತ್ರಗಳಿಂದಲೇ ಹುಟ್ಟಿದ ಸಂಗೀತವೊಂದರೊಳಕ್ಕೆ ಇವರು ಹಳೆಯ ನ್ಯೂಯಾರ್ಕಿನ ವಾದ್ಯಗಾರರನ್ನೂ ಗಾಯಕಿಯರನ್ನೂ ಮರಳಿ ಕರೆತಂದರು.

ಅದು ಏಕೆ ದೊಡ್ಡ ಮಾತು ಎಂಬುದು ಹೌಸ್ ಸಂಗೀತದ ಹುಟ್ಟನ್ನು ನೋಡಿದರೆ ತಿಳಿಯುತ್ತದೆ. 1970ರ ದಶಕದಲ್ಲಿ ಅಮೆರಿಕದ ನೃತ್ಯಶಾಲೆಗಳನ್ನು ಆಳಿದ್ದು ಡಿಸ್ಕೊ. ಪಿಟೀಲುಗಳ ಸಾಲು, ತುತ್ತೂರಿಗಳ ತಂಡ, ಡ್ರಮ್ಮು, ಬೇಸ್ ಗಿಟಾರು, ಹಿಮ್ಮೇಳದ ಗಾಯಕಿಯರು, ಎಲ್ಲರೂ ಸ್ಟುಡಿಯೊದಲ್ಲಿ ಕೂಡಿ ನುಡಿಸುತ್ತಿದ್ದ ಖರ್ಚಿನ ಸಂಗೀತ ಅದು. ದಶಕ ಮುಗಿಯುವ ಹೊತ್ತಿಗೆ ಅದರ ವಿರುದ್ಧ ಕೂಗೆದ್ದಿತು. 1979ರ ಜುಲೈ 12ರಂದು ಶಿಕಾಗೊದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಲಾಯಿತು. ದೊಡ್ಡ ಕಂಪನಿಗಳು ಡಿಸ್ಕೊದಿಂದ ಕೈ ತೆಗೆದವು. ಆದರೆ ಕುಣಿಯುವವರು ನಿಲ್ಲಲಿಲ್ಲ. ಅದೇ ಶಿಕಾಗೊದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್ ಹಳೆಯ ಡಿಸ್ಕೊ ಹಾಡುಗಳನ್ನು ಹಿಗ್ಗಿಸಿ, ಯುರೋಪಿನ ಸಿಂಥಸೈಜರ್ ಸಂಗೀತವನ್ನು ಬೆರೆಸಿ ರಾತ್ರಿಯಿಡೀ ಕುಣಿಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಲ್ಯಾಟಿನೊ ಜನ, ಅವರಲ್ಲೂ ಬಹುಪಾಲು ಸಲಿಂಗಕಾಮಿಗಳು. ಊರಿನ ಬೇರೆ ಕಡೆ ಇವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಕ್ಲಬ್ಬಿನ ಹೆಸರಿನ ಬಾಲವೇ ಸಂಗೀತದ ಹೆಸರಾಯಿತು. ಈ ಹೊಸ ಸಂಗೀತ ಮಾಡಹೊರಟ ಯಾರ ಬಳಿಯೂ ವಾದ್ಯವೃಂದಕ್ಕೆ ಕೊಡಲು ಹಣವಿರಲಿಲ್ಲ. ರೋಲಂಡ್ ಕಂಪನಿಯ ಡ್ರಮ್ ಮಷೀನುಗಳು ಸೆಕೆಂಡ್ ಹ್ಯಾಂಡ್ ಬೆಲೆಗೆ ಸಿಗುತ್ತಿದ್ದವು. ಮಲಗುವ ಕೋಣೆಯಲ್ಲೇ ಒಬ್ಬ ಹುಡುಗ ಹಾಡೊಂದನ್ನು ಪೂರ್ತಿ ಮಾಡಿ ಮುಗಿಸಬಹುದಾಗಿತ್ತು. 1984ರಲ್ಲಿ ಜೆಸ್ಸಿ ಸಾಂಡರ್ಸ್ ಹೊರತಂದ 'ಆನ್ ಅಂಡ್ ಆನ್' ಮೊದಲ ಹೌಸ್ ರೆಕಾರ್ಡುಗಳಲ್ಲಿ ಒಂದು ಎಂದು ಗಣನೆಯಾಗಿದೆ.

ಈ ಸಂಗೀತದ ಹಂದರ ಸರಳ. ನಿಮಿಷಕ್ಕೆ 120ರಿಂದ 125ರ ಆಸುಪಾಸಿನ ಪೆಟ್ಟುಗಳು. ನಾಲ್ಕು ಪೆಟ್ಟಿನ ಆವರ್ತನದಲ್ಲಿ ದಪ್ಪ ಡ್ರಮ್ಮು ನಾಲ್ಕೂ ಪೆಟ್ಟಿಗೆ ಬೀಳುತ್ತದೆ, ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಚಪ್ಪಾಳೆಯ ಸದ್ದು ಸೇರುತ್ತದೆ, ಪೆಟ್ಟುಗಳ ನಡುವಿನ ಸಂದಿಯಲ್ಲಿ ಲೋಹದ ತಟ್ಟೆ ಮಿಡಿಯುತ್ತದೆ. ಮೇಲೆ ಬೇಸಿನ ಒಂದು ಚಿಕ್ಕ ಸಾಲು, ಪಿಯಾನೊದ ತುಣುಕು, ಹಾಡಿನ ಒಂದೆರಡು ನುಡಿ. ಡಿಜೆ ಒಂದು ಹಾಡು ಮುಗಿಯುವ ಮುನ್ನವೇ ಇನ್ನೊಂದರ ಗತಿಯನ್ನು ಅದಕ್ಕೆ ಹೊಂದಿಸಿ ಎರಡನ್ನೂ ಬೆಸೆಯುತ್ತಾನೆ. ಹಾಗಾಗಿ ಇಲ್ಲಿನ ಹಾಡುಗಳು ಬರಿಯ ತಾಳದಿಂದ ಶುರುವಾಗಿ ಬರಿಯ ತಾಳದಲ್ಲೇ ಮುಗಿಯುತ್ತವೆ. ಏಳೆಂಟು ನಿಮಿಷ ಇರುವುದು ಸಾಮಾನ್ಯ. ಮನೆಯಲ್ಲಿ ಕುಳಿತು ಕೇಳುವವರಿಗೆ ಇದು ಪುನರಾವರ್ತನೆ ಎನಿಸಬಹುದು. ಕುಣಿಯುವವರಿಗೆ ಮಾತ್ರ ಆ ಪುನರಾವರ್ತನೆಯೇ ನೆಲೆ, ಅದರ ಮೇಲೆ ಆಗುವ ಸಣ್ಣ ಬದಲಾವಣೆಯೇ ಸುಖ.

ಲೂಯಿ ವೇಗಾ ಬೆಳೆದದ್ದು ಸಂಗೀತದ ಮನೆಯಲ್ಲಿ. ತಂದೆ ಸ್ಯಾಕ್ಸೊಫೋನ್ ವಾದಕರು. ಸೋದರಮಾವ ಹೆಕ್ಟರ್ ಲವೋ ಸಾಲ್ಸಾ ಸಂಗೀತದ ಅಗ್ರಗಣ್ಯ ಗಾಯಕ; ಸಾಲ್ಸಾವನ್ನು ಲೋಕಕ್ಕೆ ಪರಿಚಯಿಸಿದ ಫಾನಿಯಾ ಕಂಪನಿಯ ದೊಡ್ಡ ಹೆಸರುಗಳಲ್ಲಿ ಒಂದು. ಅಕ್ಕಂದಿರು ಡಿಸ್ಕೊ ಕಾಲದ ಕ್ಲಬ್ಬುಗಳಿಗೆ ಹೋಗಿ ಬರುತ್ತಿದ್ದವರು. ಹೀಗೆ ಸಾಲ್ಸಾ, ಜಾಝ್, ಡಿಸ್ಕೊ ಮೂರೂ ಒಂದೇ ಮನೆಯಲ್ಲಿ ಕಿವಿಗೆ ಬಿದ್ದವು. ಹೊರಗೆ ಬೀದಿಯಲ್ಲಿ ಹಿಪ್‌ಹಾಪ್ ಹುಟ್ಟುತ್ತಿತ್ತು. ಅದರ ತೊಟ್ಟಿಲೂ ಬ್ರಾಂಕ್ಸೇ. ಹದಿಹರೆಯದಲ್ಲೇ ರೆಕಾರ್ಡು ತಿರುಗಿಸಲು ಕಲಿತ ಲೂಯಿ 1980ರ ದಶಕದ ಮಧ್ಯದ ಹೊತ್ತಿಗೆ ಬ್ರಾಂಕ್ಸಿನ ಡೆವಿಲ್ಸ್ ನೆಸ್ಟ್, ಮ್ಯಾನ್‌ಹಟನ್ನಿನ ಹಾರ್ಟ್‌ಥ್ರಾಬ್ ಮುಂತಾದ ಕ್ಲಬ್ಬುಗಳ ಡಿಜೆ. ಆಗ ನ್ಯೂಯಾರ್ಕಿನ ಲ್ಯಾಟಿನೊ ಯುವಜನ ಮೆಚ್ಚುತ್ತಿದ್ದದ್ದು ಫ್ರೀಸ್ಟೈಲ್ ಎಂಬ ಸಂಗೀತ: ಎಲೆಕ್ಟ್ರಾನಿಕ್ ತಾಳದ ಮೇಲೆ ಪ್ರೀತಿ ವಿರಹದ ಹಾಡು. ಲೂಯಿ ಹೆಸರು ಮೊದಲು ಕೇಳಿಬಂದದ್ದು ಆ ಹಾಡುಗಳ ರೀಮಿಕ್ಸ್‌ಗಳಲ್ಲಿ, ಅಂದರೆ ಮರುರೂಪಗಳಲ್ಲಿ. ಇದೇ ವರ್ಷಗಳಲ್ಲಿ ಅವರು ಮ್ಯಾನ್‌ಹಟನ್ನಿನ ಕಿಂಗ್ ಸ್ಟ್ರೀಟಿನ ಪ್ಯಾರಡೈಸ್ ಗರಾಜ್ ಕ್ಲಬ್ಬಿನಲ್ಲಿ ಲ್ಯಾರಿ ಲೆವಾನ್ ಡಿಜೆ ಮಾಡುವುದನ್ನು ಕೇಳಿದರು. ಹಾಡುಗಳನ್ನು ಸರದಿಯಲ್ಲಿ ಹಾಕುವುದಷ್ಟೇ ಅಲ್ಲ, ಅವುಗಳಿಂದ ಒಂದಿಡೀ ರಾತ್ರಿಯ ಕಥೆಯನ್ನು ಕಟ್ಟಬಹುದು ಎಂಬ ಪಾಠ ಲೆವಾನರದು. ಗರಾಜ್ 1987ರಲ್ಲಿ ಮುಚ್ಚಿತು. ಅಲ್ಲಿ ಕಲಿತವರು ಉಳಿದರು.

ಕೆನ್ನಿಯ ದಾರಿ ಬೇರೆ. ಬ್ರೂಕ್ಲಿನ್ನಿನ ಸನ್‌ಸೆಟ್ ಪಾರ್ಕ್ ಬಡಾವಣೆಯ ಅವರು ರೆಕಾರ್ಡು ಅಂಗಡಿಯಲ್ಲಿ ಕೆಲಸ ಮಾಡುತ್ತ ಹಿಪ್‌ಹಾಪ್ ಕಲಿತವರು. ಹಳೆಯ ಫಂಕ್, ಸೋಲ್, ರೆಗೆ ರೆಕಾರ್ಡುಗಳನ್ನು ಕೆದಕಿ ಅವುಗಳಲ್ಲಿ ಡ್ರಮ್ ಮಾತ್ರ ಕೇಳುವ ನಾಲ್ಕಾರು ಕ್ಷಣಗಳನ್ನು ಹುಡುಕುವುದು ಅವರ ಗೀಳು. ಗೆಳೆಯ ಮೈಕ್ ಡೆಲ್ಗಾಡೊ ಜೊತೆ ಸೇರಿ ಬಡಾವಣೆಯ ಪಾರ್ಟಿಗಳಿಗೆ ಸೌಂಡ್ ಸಿಸ್ಟಮ್ ಒಯ್ದು ಹಾಡು ಹಾಕುತ್ತಿದ್ದರು. ಆ ತಂಡಕ್ಕೆ ಇಟ್ಟ ಹೆಸರೇ ಮಾಸ್ಟರ್ಸ್ ಅಟ್ ವರ್ಕ್. ಬ್ರೂಕ್ಲಿನ್ನಿನವರೇ ಆದ ಟಾಡ್ ಟೆರ್ರಿ ಎಂಬ ನಿರ್ಮಾಪಕ ಈ ಹೆಸರನ್ನು ಕೆನ್ನಿಯಿಂದ ಎರವಲು ಪಡೆದು, ಅದರಡಿ 'ಆಲ್‌ರೈಟ್ ಆಲ್‌ರೈಟ್', 'ಡಮ್ ಡಮ್ ಕ್ರೈ' ಎಂಬ ಎರಡು ರೆಕಾರ್ಡುಗಳನ್ನು ತಂದರು. ಹಿಪ್‌ಹಾಪ್‌ನ ಒರಟು ಸ್ಯಾಂಪಲ್‌ಗಳನ್ನು, ಅಂದರೆ ಹಳೆಯ ರೆಕಾರ್ಡುಗಳಿಂದ ಕತ್ತರಿಸಿದ ಸದ್ದುಗಳನ್ನು, ಹೌಸ್‌ನ ಗತಿಗೆ ಕೂಡಿಸಿದ ಮೊದಲಿಗರಲ್ಲಿ ಟೆರ್ರಿ ಒಬ್ಬರು. ಲೂಯಿಗೂ ಅವರು ಗೆಳೆಯ. ಕೆನ್ನಿ ಮಾಡಿದ ರೆಕಾರ್ಡೊಂದು ಲೂಯಿ ಕಿವಿಗೆ ಬಿದ್ದು, ಅದನ್ನು ರೀಮಿಕ್ಸ್ ಮಾಡುವ ಆಸೆ ಹುಟ್ಟಿದಾಗ ಇಬ್ಬರನ್ನೂ ಎದುರುಬದುರು ಕೂರಿಸಿದವರು ಟೆರ್ರಿಯೇ. ಹೆಸರು ಒಡೆಯನ ಬಳಿಗೆ ಮರಳಿತು, ಜೊತೆಗೆ ಹೊಸ ಪಾಲುದಾರನೂ ಬಂದ.

ಮೊದಲ ದೊಡ್ಡ ಕೆಲಸ ಒಂದು ಪೂರ್ಣ ಆಲ್ಬಮ್ಮಿನ ರೂಪದಲ್ಲಿ ಬಂತು. ಲೂಯಿಗೆ ಅಟ್ಲಾಂಟಿಕ್ ಕಂಪನಿಯೊಡನೆ ಒಪ್ಪಂದವಾಗಿತ್ತು. ಆಗಿನ್ನೂ ಹೆಸರಾಗದ ಗಾಯಕ ಮಾರ್ಕ್ ಆಂಥನಿಯನ್ನು ಇಟ್ಟುಕೊಂಡು 1991ರಲ್ಲಿ 'ವೆನ್ ದ ನೈಟ್ ಈಸ್ ಓವರ್' ಹೊರಬಂತು. ಅದರ 'ರೈಡ್ ಆನ್ ದ ರಿದಮ್' ಬಿಲ್‌ಬೋರ್ಡ್ ನೃತ್ಯಪಟ್ಟಿಯ ತುದಿ ಮುಟ್ಟಿತು. ಮಾರ್ಕ್ ಆಂಥನಿ ಮುಂದೆ ಸ್ಪ್ಯಾನಿಷ್ ಸಾಲ್ಸಾ ಹಾಡಿ ಜಗತ್ತಿನ ತಾರೆಯಾದರು. ಅದೇ ವರ್ಷ ಪಾಪ್ ಗಾಯಕಿ ಡೆಬಿ ಗಿಬ್ಸನ್ನರ ಹಾಡೊಂದರ ರೀಮಿಕ್ಸ್ ಮಾಸ್ಟರ್ಸ್ ಅಟ್ ವರ್ಕ್ ಎಂಬ ಜಂಟಿ ಹೆಸರಿನಲ್ಲಿ ಹೊರಟಿತು. ಅಲ್ಲಿಂದ ಮುಂದೆ ಬೇಡಿಕೆಗೆ ಕೊನೆಯಿರಲಿಲ್ಲ.

ರೀಮಿಕ್ಸ್ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ರೆಕಾರ್ಡು ಕಂಪನಿಗಳು ತಮ್ಮ ಗಾಯಕರ ಹಾಡು ಕ್ಲಬ್ಬುಗಳಲ್ಲೂ ಓಡಲಿ ಎಂದು ಅದರ ಮೂಲ ಟೇಪುಗಳನ್ನು ಡಿಜೆಗಳಿಗೆ ಕೊಟ್ಟು, 12 ಇಂಚಿನ ರೆಕಾರ್ಡಿಗೆ ಬೇರೆ ರೂಪ ಮಾಡಿಸುತ್ತಿದ್ದವು. ಟೇಪಿನಲ್ಲಿ ಗಾಯನ, ಡ್ರಮ್, ಬೇಸ್, ಪಿಯಾನೊ ಎಲ್ಲವೂ ಬೇರೆ ಬೇರೆ ಪಟ್ಟಿಗಳಲ್ಲಿ ಇರುತ್ತವೆ. ಮಾಸ್ಟರ್ಸ್ ಅಟ್ ವರ್ಕ್ ಸಾಮಾನ್ಯವಾಗಿ ಗಾಯನವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ತೆಗೆದುಹಾಕುತ್ತಿತ್ತು. ಕೆನ್ನಿ ಹೊಸ ತಾಳ ಕಟ್ಟುವರು. ಲೂಯಿ ಅದರ ಮೇಲೆ ಸ್ವರಗಳ ವಿನ್ಯಾಸ, ಹಾಡಿನ ಏರಿಳಿತ ರೂಪಿಸುವರು. ಹಾಡಿನ ಮರ್ಯಾದೆ ಕಾಯುವ ಆ ರೂಪ ರೆಕಾರ್ಡಿನ ಒಂದು ಮಗ್ಗುಲಲ್ಲಿ ಇರುತ್ತಿತ್ತು. ಇನ್ನೊಂದು ಮಗ್ಗುಲಲ್ಲಿ 'ಡಬ್'. ಅಲ್ಲಿ ಗಾಯನವೂ ಹೋಗಿ, ಒಂದು ಉದ್ಗಾರ, ಒಂದು ಅರ್ಧ ಪದ, ಒಂದು ಉಸಿರು ಮಾತ್ರ ಉಳಿಯುತ್ತಿತ್ತು. ಅದನ್ನೇ ತಾಳವಾದ್ಯದಂತೆ ಬಳಸಿ, ಬೇಸನ್ನು ಮುಂದಕ್ಕೆ ತಂದು, ಇಡೀ ಹೊಸ ಕೃತಿ ಮಾಡುತ್ತಿದ್ದರು. ಮೂಲ ಹಾಡು ಯಾವುದೆಂದು ಗುರುತು ಹಿಡಿಯುವುದೂ ಕಷ್ಟ. ಬ್ರಿಟನ್ನಿನ ಸೇಂಟ್ ಎಟಿಯೆನ್ ತಂಡದ 'ಓನ್ಲಿ ಲವ್ ಕ್ಯಾನ್ ಬ್ರೇಕ್ ಯುವರ್ ಹಾರ್ಟ್' ಹಾಡಿಗೆ ಇವರು ಮಾಡಿದ ಡಬ್ ಇದಕ್ಕೆ ಒಳ್ಳೆಯ ಉದಾಹರಣೆ. ಮಡೋನಾ, ಬ್ಯೋರ್ಕ್, ಮೈಕಲ್ ಜಾಕ್ಸನ್ ಹಾಡುಗಳೂ ಇವರ ಕೈಗೆ ಬಂದವು. ಕಂಪನಿಗಳು ಹಣ ಕೊಡುತ್ತಿದ್ದದ್ದು ಮೊದಲ ಮಗ್ಗುಲಿಗೆ. ಡಿಜೆಗಳು ಹುಡುಕಿ ಕೊಳ್ಳುತ್ತಿದ್ದದ್ದು ಎರಡನೆಯದಕ್ಕಾಗಿ. ಇಂದಿಗೂ ಇವರ ಪ್ರತಿಭೆಯ ಅತ್ಯಂತ ಧೈರ್ಯದ ಕೆಲಸ ಈ ಡಬ್‌ಗಳಲ್ಲೇ ಇದೆ.

ಆ ಡಬ್‌ಗಳ ಸದ್ದಿನ ಗುಟ್ಟು ಬಹುಮಟ್ಟಿಗೆ ಎಸ್‌ಪಿ-1200 ಎಂಬ ಯಂತ್ರದಲ್ಲಿದೆ. ಕ್ಯಾಲಿಫೋರ್ನಿಯಾದ ಇ-ಮ್ಯೂ ಕಂಪನಿ 1987ರಲ್ಲಿ ಮಾರುಕಟ್ಟೆಗೆ ತಂದ ಸ್ಯಾಂಪ್ಲರ್ ಇದು. ಬೇಕಾದ ಸದ್ದನ್ನು ರೆಕಾರ್ಡಿನಿಂದ ಹಿಡಿದಿಟ್ಟುಕೊಂಡು, ಬೆರಳಿನಿಂದ ಒತ್ತಿದಾಗ ನುಡಿಸುತ್ತದೆ. ಆದರೆ ಅದರ ನೆನಪಿನ ಒಟ್ಟು ಅಳತೆ ಸುಮಾರು 10 ಸೆಕೆಂಡ್ ಮಾತ್ರ. ಆ ಹತ್ತು ಸೆಕೆಂಡಿನಲ್ಲೇ ಡ್ರಮ್ಮು, ಬೇಸು, ಗಾಯನ ಎಲ್ಲ ಹಿಡಿಸಬೇಕು. ಹಾಗಾಗಿ ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45 ಸುತ್ತಿನಲ್ಲಿ ಓಡಿಸಿ, ಬೇಗ ಬೇಗ ಹಿಡಿದು, ಆಮೇಲೆ ಯಂತ್ರದಲ್ಲಿ ಅದನ್ನು ನಿಧಾನ ಮಾಡುತ್ತಿದ್ದರು. ಜಾಗ ಉಳಿಯುತ್ತಿತ್ತು, ಜೊತೆಗೆ ಸದ್ದಿಗೆ ಒಂದು ತರಿತರಿಯಾದ ಒರಟುತನ ಬರುತ್ತಿತ್ತು. ಹಿಪ್‌ಹಾಪ್‌ನವರು ಈ ಒರಟನ್ನು ಇಷ್ಟಪಟ್ಟಿದ್ದರು. ಕೆನ್ನಿ ಅದನ್ನು ಹೌಸ್‌ಗೆ ತಂದರು. ಅವರ ಡ್ರಮ್ಮುಗಳು ಗಡಿಯಾರದಂತೆ ನೇರ ಬೀಳುವುದಿಲ್ಲ. ಚೂರು ತಡವಾಗಿ, ಚೂರು ಓಲಾಡುತ್ತ ಬೀಳುತ್ತವೆ. ಮೈ ತಾನಾಗಿ ಅಲುಗುವುದು ಆ ಓಲಾಟಕ್ಕೆ.

1991ರಲ್ಲಿ ಕಟಿಂಗ್ ಎಂಬ ನ್ಯೂಯಾರ್ಕಿನ ಲೇಬಲ್ಲಿಗೆ ಇವರು ಮಾಡಿದ ರೆಕಾರ್ಡೊಂದರ ಚರಿತ್ರೆ ವಿಚಿತ್ರವಾಗಿದೆ. ಒಂದು ಮಗ್ಗುಲಲ್ಲಿ ರೆಗೆ ಛಾಯೆಯ 'ಬ್ಲಡ್ ವೈಬ್ಸ್'. ಇನ್ನೊಂದು ಮಗ್ಗುಲಲ್ಲಿ 'ದ ಹಾ ಡಾನ್ಸ್'. 1983ರ 'ಟ್ರೇಡಿಂಗ್ ಪ್ಲೇಸಸ್' ಎಂಬ ಹಾಸ್ಯಚಿತ್ರದ ಸಂಭಾಷಣೆಯಿಂದ ಕತ್ತರಿಸಿದ ಒಂದು ಕೂಗು, ಅದರ ಕೆಳಗೆ ಗಡುಸು ತಾಳ, ಪ್ರತಿ ನಾಲ್ಕನೆಯ ಪೆಟ್ಟಿಗೆ ಅಪ್ಪಳಿಸುವ ಲೋಹದ ಸದ್ದು. ಇಷ್ಟೇ. ಹಾರ್ಲೆಮ್ ಮೂಲದ ಬಾಲ್‌ರೂಂ ಸಮುದಾಯ, ಅಂದರೆ ವೇಷ, ನಡಿಗೆ, ನೃತ್ಯಗಳಲ್ಲಿ ಸ್ಪರ್ಧಿಸುವ ಕಪ್ಪು ಮತ್ತು ಲ್ಯಾಟಿನೊ ಸಲಿಂಗಕಾಮಿಗಳ ಹಾಗೂ ಲಿಂಗಪರಿವರ್ತಿತರ ಕೂಟ, ಈ ಹಾಡನ್ನು ತನ್ನದಾಗಿಸಿಕೊಂಡಿತು. ಈ ಕೂಟದ ವೋಗ್ ಎಂಬ ನೃತ್ಯದವರು ಆ ನಾಲ್ಕನೆಯ ಪೆಟ್ಟಿಗೆ ಸರಿಯಾಗಿ ನೆಲಕ್ಕೆ ಬೀಳುವುದನ್ನು, ಭಂಗಿ ನಿಲ್ಲಿಸುವುದನ್ನು ರೂಢಿ ಮಾಡಿದರು. ನ್ಯೂಜೆರ್ಸಿಯ ಮೈಕ್‌ಕ್ಯೂ ಮುಂತಾದ ಮುಂದಿನ ತಲೆಮಾರಿನ ನಿರ್ಮಾಪಕರು ಅದೇ ಸದ್ದನ್ನು ಮತ್ತೆ ಮತ್ತೆ ಹೊಸದಾಗಿ ಹೆಣೆದರು. ಹೌಸ್ ಸಂಗೀತ ಯಾರ ನಡುವೆ ಹುಟ್ಟಿತೋ ಅಂಥವರ ಕೈಯಲ್ಲೇ ಈ ಹಾಡು ಬಾಳಿ ಬಂದಿರುವುದು ಸಂತೋಷದ ಸಂಗತಿ.

ಹೊಸ ಹಾಡುಗಳಿಗೆ ಪರೀಕ್ಷೆಯ ಜಾಗ ಬೇಕು. ಇವರಿಗೆ ಅದು ಮ್ಯಾನ್‌ಹಟನ್ನಿನ ಸೌಂಡ್ ಫ್ಯಾಕ್ಟರಿ ಬಾರ್. ಗಾಯಕಿ ಬಾರ್ಬರಾ ಟಕರ್ ಮತ್ತು ಡಾನ್ ವೆಲ್ಚ್ ಅಲ್ಲಿ ಬುಧವಾರದ ರಾತ್ರಿಗಳಂದು ಅಂಡರ್‌ಗ್ರೌಂಡ್ ನೆಟ್‌ವರ್ಕ್ ಎಂಬ ಕೂಟ ನಡೆಸುತ್ತಿದ್ದರು. ಲೂಯಿ ಅದರ ಡಿಜೆ. ವಾರದ ನಡುವಿನ ರಾತ್ರಿಯಾದ್ದರಿಂದ ಬರುತ್ತಿದ್ದವರು ಸಂಗೀತದವರು, ವೃತ್ತಿಯ ನೃತ್ಯಗಾರರು, ಇತರ ಡಿಜೆಗಳು. ಅವರೆದುರು ಗೆಲ್ಲದ ಹಾಡನ್ನು ಮತ್ತೆ ಸ್ಟುಡಿಯೊಗೆ ಒಯ್ಯಬಹುದಿತ್ತು. ಬಾರ್ಬರಾ ಟಕರ್ ಹಾಡಿದ 'ಬ್ಯೂಟಿಫುಲ್ ಪೀಪಲ್' ಈ ವಲಯದ ಕೂಸು. ಅದರ ಗಾಯನದ ಒಂದು ಚೂರನ್ನು ತೆಗೆದುಕೊಂಡು ಲೂಯಿ 1993ರಲ್ಲಿ ಹಾರ್ಡ್‌ಡ್ರೈವ್ ಎಂಬ ಹೆಸರಿನಲ್ಲಿ 'ಡೀಪ್ ಇನ್‌ಸೈಡ್' ಮಾಡಿದರು. ಬೇಸಿನ ಒಂದೇ ಸಾಲು, ಸುತ್ತಿ ಸುತ್ತಿ ಬರುವ ಒಂದೇ ದನಿ. ಮೂಲ ಹಾಡಿಗೂ ಮೊದಲೇ ಹೊರಬಂದ ಈ ತುಣುಕು ಇಂದು ಹೌಸ್‌ನ ಮೂಲಪಾಠಗಳಲ್ಲಿ ಒಂದು. ಸ್ಟ್ರಿಕ್ಟ್ಲಿ ರಿದಮ್, ನರ್ವಸ್, ಕಟಿಂಗ್ ಮುಂತಾದ ನ್ಯೂಯಾರ್ಕಿನ ಸಣ್ಣ ಲೇಬಲ್‌ಗಳಿಗೆ ಇವರು ಈ ವರ್ಷಗಳಲ್ಲಿ ಕೆನ್‌ಲೂ, ರಿವರ್ ಓಶನ್ ಎಂದೆಲ್ಲ ಹೆಸರು ಬದಲಿಸಿ ಕೆಲಸ ಮಾಡಿದರು.

ಆ ಕಾಲದ ಇವರ ಮುಖ್ಯ ದನಿ ಇಂಡಿಯಾ. ಹೆಸರು ಹಾಗಿದ್ದರೂ ಅವರು ಪೋರ್ಟೊ ರಿಕೊದಲ್ಲಿ ಹುಟ್ಟಿ ಬ್ರಾಂಕ್ಸಿನಲ್ಲಿ ಬೆಳೆದ ಗಾಯಕಿ, ಆಗ ಲೂಯಿಯ ಪತ್ನಿ. ಫ್ರೀಸ್ಟೈಲ್ ಹಾಡುತ್ತಿದ್ದ ಅವರು 1992ರಲ್ಲಿ ಪಿಯಾನೊ ವಾದಕ ಎಡ್ಡಿ ಪಾಲ್ಮಿಯೇರಿ ಜೊತೆ ಸಾಲ್ಸಾ ಆಲ್ಬಮ್ ಮಾಡಿದರು. ಮರುವರ್ಷ ಮಾಸ್ಟರ್ಸ್ ಅಟ್ ವರ್ಕ್ ಜೊತೆ 'ಐ ಕಾಂಟ್ ಗೆಟ್ ನೋ ಸ್ಲೀಪ್' ಹಾಡಿದರು. ನಿಜವಾದ ತಿರುವು 1994ರ 'ಲವ್ ಅಂಡ್ ಹ್ಯಾಪಿನೆಸ್'. ಕ್ಯೂಬಾ ಮತ್ತು ಪೋರ್ಟೊ ರಿಕೊಗಳಲ್ಲಿ ಆಫ್ರಿಕಾದ ಯೊರುಬಾ ಜನರಿಂದ ಉಳಿದು ಬಂದ ಜಲದೇವತೆಗಳಾದ ಯೆಮಾಯಾ ಮತ್ತು ಓಚುನ್‌ರ ಸ್ತುತಿಯೊಂದಿಗೆ ಶುರುವಾಗುವ ಹೌಸ್ ಹಾಡು ಇದು. ಟಿಂಬಾಲೆಸ್ ಎಂಬ ತಾಳವಾದ್ಯ ನುಡಿಸಿದವರು ಟಿಟೊ ಪುಯೆಂಟೆ. 1950ರ ದಶಕದಿಂದ ನ್ಯೂಯಾರ್ಕಿನ ಲ್ಯಾಟಿನ್ ಸಂಗೀತದ ದೊರೆ ಎನಿಸಿದ್ದ ಹಿರಿಯ. ಈ ಸಂಗೀತ ಪರಂಪರೆಯ ಬೆನ್ನೆಲುಬು ಕ್ಲಾವೆ ಎಂಬ ಐದು ಪೆಟ್ಟಿನ ವಿನ್ಯಾಸ. ಎರಡು ಆವರ್ತನಗಳಲ್ಲಿ ಒಂದಕ್ಕೆ ಮೂರು, ಇನ್ನೊಂದಕ್ಕೆ ಎರಡು ಪೆಟ್ಟು ಹಂಚಿಕೊಂಡಿರುತ್ತದೆ. ನಮ್ಮ ಸಂಗೀತ ಕಛೇರಿಯಲ್ಲಿ ಕೈಯಲ್ಲಿ ಹಾಕುವ ತಾಳವನ್ನು ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಂಡು ನುಡಿಸುವಂತೆ, ಸಾಲ್ಸಾದ ಪ್ರತಿಯೊಬ್ಬನೂ ಕ್ಲಾವೆಯನ್ನು ಒಳಗೇ ಎಣಿಸುತ್ತಿರುತ್ತಾನೆ. ಹೌಸ್‌ನ ನಾಲ್ಕು ಸಮಪೆಟ್ಟು ಮತ್ತು ಕ್ಲಾವೆಯ ವಿಷಮ ಪೆಟ್ಟು ಒಂದರ ಮೇಲೊಂದು ಕೂತಾಗ ಹುಟ್ಟುವ ಎಳೆದಾಟವೇ ಈ ಜೋಡಿಯ ಸಹಿ. ಲ್ಯಾಟಿನ್ ತಾಳವಾದ್ಯವನ್ನು ಅಲಂಕಾರಕ್ಕೆಂದು ಮೇಲೆ ಉದುರಿಸಿದವರು ಹಲವರಿದ್ದರು. ಒಳಗಿನ ಲೆಕ್ಕವನ್ನೇ ಕೂಡಿಸಿದವರು ಇವರು.

1995ರಲ್ಲಿ ಬ್ರಿಟನ್ನಿನ ಹಾಡುಪಟ್ಟಿಯಲ್ಲಿ 5ನೆಯ ಸ್ಥಾನಕ್ಕೆ ಏರಿದ 'ದ ಬಾಂಬ್' ಮಾತ್ರ ಕೆನ್ನಿ ಒಬ್ಬರೇ ಮಾಡಿದ್ದು. ಬಕೆಟ್‌ಹೆಡ್ಸ್ ಎಂಬ ಹೆಸರಿನಲ್ಲಿ, ಹೆನ್ರಿ ಸ್ಟ್ರೀಟ್ ಎಂಬ ಪುಟ್ಟ ಲೇಬಲ್ಲಿಗೆಂದು ಮಾಡಿದ ಹಾಡು. ಶಿಕಾಗೊ ಎಂಬ ರಾಕ್ ತಂಡ 1979ರಲ್ಲಿ ತಂದಿದ್ದ 'ಸ್ಟ್ರೀಟ್ ಪ್ಲೇಯರ್' ಹಾಡಿನ ತುತ್ತೂರಿ ಮತ್ತು ಗಾಯನದ ಚೂರುಗಳೇ ಇದರ ಸಾಮಗ್ರಿ. ಮೂಲದ ಸಾಲೊಂದನ್ನು ತಪ್ಪಾಗಿ ಕೇಳಿಸಿಕೊಂಡದ್ದೇ ಈ ಹಾಡಿನ ಉಪಶೀರ್ಷಿಕೆಯಾಯಿತು. 15 ನಿಮಿಷಕ್ಕೆ ಹತ್ತಿರವಿರುವ ಪೂರ್ಣ ರೂಪದಲ್ಲಿ ಕೆನ್ನಿ ಬಹಳ ಹೊತ್ತು ಹಾಡನ್ನು ಬಿಟ್ಟುಕೊಡದೆ ಕಾಯಿಸುತ್ತಾರೆ. ತುತ್ತೂರಿಯ ತುದಿ ಮಾತ್ರ ಇಣುಕುತ್ತದೆ, ಮರೆಯಾಗುತ್ತದೆ. ಕೊನೆಗೆ ಪೂರ್ತಿ ಬಿಚ್ಚಿಕೊಂಡಾಗ ನೃತ್ಯಶಾಲೆ ಕೇಕೆ ಹಾಕುತ್ತದೆ. 2009ರಲ್ಲಿ ಪಿಟ್‌ಬುಲ್ ಹಾಡಿದ 'ಐ ನೋ ಯು ವಾಂಟ್ ಮಿ' ಲೋಕವೆಲ್ಲ ಸುತ್ತಿದಾಗ ಅದರ ಬೆನ್ನಿಗಿದ್ದದ್ದೂ ಇದೇ ತುತ್ತೂರಿ.

ಇಷ್ಟೆಲ್ಲ ಯಶಸ್ಸಿನ ನಡುವೆ ಜೋಡಿಯ ಮನಸ್ಸು ಬೇರೊಂದು ಕಡೆ ಎಳೆಯುತ್ತಿತ್ತು. ಸ್ಯಾಂಪಲ್ ಕತ್ತರಿಸಿ ಹತ್ತಿರ ಮಾಡಿಕೊಂಡ ಹಳೆಯ ರೆಕಾರ್ಡುಗಳ ವಾದ್ಯಗಾರರು ಇನ್ನೂ ಬದುಕಿದ್ದರು, ನುಡಿಸಲು ಸಿದ್ಧರಿದ್ದರು. ಅವರನ್ನೇ ಕರೆದರೆ ಏನಾಗುತ್ತದೆ? ನ್ಯೂಯೊರಿಕನ್ ಸೋಲ್ ಎಂಬ ಯೋಜನೆ ಆ ಪ್ರಶ್ನೆಯಿಂದ ಬೆಳೆಯಿತು. ನ್ಯೂಯಾರ್ಕಿನಲ್ಲಿ ನೆಲೆಸಿದ ಪೋರ್ಟೊ ರಿಕೊ ಜನ ನ್ಯೂಯೊರಿಕನ್ನರು. 1993ರಲ್ಲಿ ಬಂದ 'ದ ನರ್ವಸ್ ಟ್ರ್ಯಾಕ್' ಮೊದಲ ಹೆಜ್ಜೆ. ಹೌಸ್‌ನ ನಾಲ್ಕು ಪೆಟ್ಟನ್ನೇ ಒಡೆದು, ತಾಳವನ್ನು ಚೂರುಚೂರಾಗಿ ಹರಡಿದ ಈ ರೆಕಾರ್ಡು ಹೌಸ್‌ನವರಿಗೂ ಜಾಝ್‌ನವರಿಗೂ ಒಟ್ಟಿಗೇ ಬೇಕಾಯಿತು. ಲಂಡನ್ನಿನಲ್ಲಿ ಜೈಲ್ಸ್ ಪೀಟರ್ಸನ್ನರ ಟಾಕಿನ್ ಲೌಡ್ ಲೇಬಲ್, ನ್ಯೂಯಾರ್ಕಿನಲ್ಲಿ ಜಯಂಟ್ ಸ್ಟೆಪ್ ಇವರ ಬೆನ್ನಿಗೆ ನಿಂತವು. 1997ರಲ್ಲಿ 'ನ್ಯೂಯೊರಿಕನ್ ಸೋಲ್' ಎಂಬ ಹೆಸರಿನಲ್ಲೇ ಆಲ್ಬಮ್ ಹೊರಬಂತು.

ಅದರಲ್ಲಿ ನುಡಿಸಿದವರ ಪಟ್ಟಿ ನೋಡಿದರೆ ಮೂವತ್ತು ವರ್ಷದ ಅಮೆರಿಕದ ಸಂಗೀತವೇ ಒಂದು ಕೋಣೆಯಲ್ಲಿ ಕೂತಂತಿದೆ. ಗಿಟಾರಿಗೆ ಜಾರ್ಜ್ ಬೆನ್ಸನ್. ವೈಬ್ರಾಫೋನಿಗೆ ರಾಯ್ ಏಯರ್ಸ್. ಟಿಂಬಾಲೆಸ್‌ಗೆ ಟಿಟೊ ಪುಯೆಂಟೆ, ಪಿಯಾನೊಗೆ ಎಡ್ಡಿ ಪಾಲ್ಮಿಯೇರಿ, ಕೊಳಲಿಗೆ ಡೇವ್ ವ್ಯಾಲೆಂಟಿನ್. ಹಾಡಲು ಜಾಸ್ಲಿನ್ ಬ್ರೌನ್ ಮತ್ತು ಇಂಡಿಯಾ. ಸಾಲ್‌ಸೋಲ್ ಆರ್ಕೆಸ್ಟ್ರಾವನ್ನು ಮುನ್ನಡೆಸಿದ್ದ ಫಿಲಡೆಲ್ಫಿಯಾದ ವಿನ್ಸೆಂಟ್ ಮೊಂಟಾನಾ ಇದ್ದದ್ದು ಇನ್ನೂ ವಿಶೇಷ. ಅವರ ಆರ್ಕೆಸ್ಟ್ರಾ 1977ರಲ್ಲಿ ಲೊಲಿಯಾಟಾ ಹಾಲೊವೇ ದನಿಯಲ್ಲಿ ತಂದಿದ್ದ ಡಿಸ್ಕೊ ಹಾಡು 'ರನ್‌ಅವೇ'. ಅದನ್ನೇ ಇಂಡಿಯಾ ಇಲ್ಲಿ ಹೊಸದಾಗಿ ಹಾಡಿದ್ದಾರೆ. ರೋಟರಿ ಕನೆಕ್ಷನ್ ತಂಡ 1971ರಲ್ಲಿ ತಂದಿದ್ದ 'ಐ ಆಮ್ ದ ಬ್ಲ್ಯಾಕ್ ಗೋಲ್ಡ್ ಆಫ್ ದ ಸನ್' ಜಾಸ್ಲಿನ್ ಬ್ರೌನ್ ಕಂಠದಲ್ಲಿ ಮತ್ತೆ ಎದ್ದಿತು. ಮೂಲದ ಹೆಸರನ್ನೇ ಮರೆತಿದ್ದ ಎಷ್ಟೋ ಕೇಳುಗರು ಇದರ ಮೂಲಕ ಅದನ್ನು ಹುಡುಕಿ ಹೋದರು. ಡಿಸ್ಕೊ ರೆಕಾರ್ಡುಗಳನ್ನು ಸಿಡಿಸಿದ 18 ವರ್ಷಗಳ ನಂತರ, ಡಿಸ್ಕೊದ ಮಕ್ಕಳು ಅದರ ಹಿರಿಯರನ್ನು ಗೌರವದಿಂದ ಕೂರಿಸಿ ಮಾಡಿದ ಆಲ್ಬಮ್ ಇದು. ಹೌಸ್ ನಿರ್ಮಾಪಕರು ಮಾಡಿದ ಆಲ್ಬಮ್‌ಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಬಹುದಾದವು ಕಡಿಮೆ. ಇದು ಅಂಥವುಗಳಲ್ಲಿ ಮೊದಲ ಸಾಲಿನದು.

ಸ್ಟುಡಿಯೊದ ಖಾಯಂ ತಂಡವೂ ಈ ಹೊತ್ತಿಗೆ ರೂಪುಗೊಂಡಿತ್ತು. ಬೇಸ್ ಗಿಟಾರಿಗೆ ಜೀನ್ ಪೆರೆಸ್, ಕೀಬೋರ್ಡಿಗೆ ಟೆರ್ರಿ ಬರಸ್ ಮತ್ತು ಆಲ್ಬರ್ಟ್ ಮೆನೆಂಡೆಸ್, ಕಾಂಗಾ ಮತ್ತಿತರ ತಾಳವಾದ್ಯಕ್ಕೆ ವೆನೆಜುವೆಲಾದ ಲೂಯಿಸಿಟೊ ಕಿಂಟೆರೊ. ಇವರ ಹೆಸರು ಮುಖಪುಟದ ಮೇಲೆ ಬರುವುದು ಅಪರೂಪ. ಆದರೆ ಮಾಸ್ಟರ್ಸ್ ಅಟ್ ವರ್ಕ್ ಸದ್ದು ಎಂದು ಜನ ಗುರುತಿಸುವ ಆ ಬೆಚ್ಚಗಿನ ಬೇಸು, ಜಾರುವ ಪಿಯಾನೊ ಇವರ ಬೆರಳಿನವು. 1997ರಲ್ಲಿ ಸುವಾರ್ತಾ ಗಾಯಕ ಬಿಬಿ ವೈನನ್ಸ್‌ರ 'ಥ್ಯಾಂಕ್ ಯು' ಹಾಡಿಗೆ ಮಾಡಿದ ರೀಮಿಕ್ಸ್‌ನಲ್ಲಿ ಈ ತಂಡದ ಕೈಚಳಕ ಸ್ಪಷ್ಟವಾಗಿ ಕೇಳುತ್ತದೆ. ತಮ್ಮ ಹೆಸರಿನ ಮೊದಲಕ್ಷರಗಳ ತಮ್ಮದೇ ಎಂಎಡಬ್ಲ್ಯು ಲೇಬಲ್ ತೆರೆದ ಮೇಲೆ ಇವರಿಗೆ ಇನ್ನಷ್ಟು ಸ್ವಾತಂತ್ರ್ಯ ಸಿಕ್ಕಿತು. ನೈಜೀರಿಯಾದ ಆಫ್ರೋಬೀಟ್ ಸಂಗೀತಗಾರ ಫೆಲಾ ಕುಟಿ 1997ರಲ್ಲಿ ತೀರಿಕೊಂಡ ನಂತರ ಅವರ ಸ್ಮರಣೆಗೆ 'ಎಂಎಡಬ್ಲ್ಯು ಎಕ್ಸ್‌ಪೆನ್ಸಿವ್' ಬಂತು; ಗಾಯಕಿ ವುನ್ಮಿ ಹಾಡಿದ ಇದು ಆಫ್ರಿಕಾದ ಆಫ್ರೋಬೀಟ್ ಮತ್ತು ನ್ಯೂಯಾರ್ಕಿನ ಹೌಸ್ ನಡುವೆ ಆಗಿನ್ನೂ ಹೊಸದಾಗಿದ್ದ ಹಾದಿ. ಇಂಡಿಯಾ ಹಾಡಿದ 'ಟು ಬಿ ಇನ್ ಲವ್' ಮತ್ತು 'ವರ್ಕ್' ಈ ಲೇಬಲ್ಲಿನ ಜನಪ್ರಿಯ ಹಾಡುಗಳು. 2002ರಲ್ಲಿ ರಾಯ್ ಏಯರ್ಸ್ ಮತ್ತೆ ಜೊತೆಗೂಡಿದ 'ಅವರ್ ಟೈಮ್ ಈಸ್ ಕಮಿಂಗ್' ಆಲ್ಬಮ್ ಬಂತು.

ಅಟ್ಲಾಂಟಿಕ್‌ನ ಆಚೆ ಇವರ ಪ್ರಭಾವ ಅಮೆರಿಕದೊಳಗಿನದಕ್ಕಿಂತ ದೊಡ್ಡದಾಗಿತ್ತು ಎನ್ನಬಹುದು. ಲಂಡನ್ನಿನ ಡಿಜೆಗಳು ಇವರ ಮತ್ತು ಇವರ ಜೊತೆಗಾರರ ಡಬ್‌ಗಳನ್ನು ವೇಗ ಹೆಚ್ಚಿಸಿ ನುಡಿಸುತ್ತ ನುಡಿಸುತ್ತ ಯುಕೆ ಗರಾಜ್ ಎಂಬ ಬ್ರಿಟಿಷ್ ಶೈಲಿ ಹುಟ್ಟಿತು. 'ನರ್ವಸ್ ಟ್ರ್ಯಾಕ್'ನ ಒಡೆದ ತಾಳದಿಂದ ಪಶ್ಚಿಮ ಲಂಡನ್ನಿನ ಬ್ರೋಕನ್ ಬೀಟ್ ಶೈಲಿ ಸ್ಫೂರ್ತಿ ಪಡೆಯಿತು. ಪ್ಯಾರಿಸ್ಸಿನ ಡಾಫ್ಟ್ ಪಂಕ್ ಜೋಡಿ 1997ರ ತಮ್ಮ ಮೊದಲ ಆಲ್ಬಮ್ 'ಹೋಮ್‌ವರ್ಕ್'ನಲ್ಲಿ ಗುರುಗಳ ಹೆಸರು ಹೇಳುತ್ತ ಹೋಗುವ 'ಟೀಚರ್ಸ್' ಎಂಬ ಹಾಡಿಟ್ಟಿತು; ಕೆನ್ನಿ ಡೋಪ್, ಲೂಯಿ ವೇಗಾ ಇಬ್ಬರ ಹೆಸರೂ ಅದರಲ್ಲಿವೆ. ಅದೇ ವರ್ಷ ಡಾಫ್ಟ್ ಪಂಕ್‌ನ 'ಅರೌಂಡ್ ದ ವರ್ಲ್ಡ್' ಹಾಡನ್ನು ರೀಮಿಕ್ಸ್ ಮಾಡಿದವರೂ ಇವರೇ.

2000ರ ದಶಕ ಸಾಗಿದಂತೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಜಗಳವಾಡಿ ಬೇರೆಯಾದದ್ದಲ್ಲ, ಒಲವುಗಳು ಮೊದಲಿನಿಂದಲೂ ಬೇರೆಯೇ ಇದ್ದವು. ಲೂಯಿ ಎಲಿಮೆಂಟ್ಸ್ ಆಫ್ ಲೈಫ್ ಎಂಬ ದೊಡ್ಡ ವಾದ್ಯತಂಡ ಕಟ್ಟಿ ವೇದಿಕೆಯ ಮೇಲೆ ತಂದರು. 2006ರಲ್ಲಿ ಕರ್ಟಿಸ್ ಮೇಫೀಲ್ಡರ 'ಸೂಪರ್‌ಫ್ಲೈ' ಹಾಡಿನ ರೀಮಿಕ್ಸ್‌ಗೆ ಗ್ರ್ಯಾಮಿ ಪ್ರಶಸ್ತಿ ಪಡೆದರು. 2013ರಲ್ಲಿ ಆ ತಂಡದ 'ಎಕ್ಲಿಪ್ಸ್' ಆಲ್ಬಮ್ ಸೋದರಮಾವನ ಹಳೆಯ ಮನೆಯಾದ ಫಾನಿಯಾದಿಂದಲೇ ಹೊರಬಂತು. ಕೆನ್ನಿ ತಮ್ಮ ಮೊದಲ ಪ್ರೀತಿಗೆ ಮರಳಿ, ಕೇ-ಡೀ ಎಂಬ ಲೇಬಲ್ ಮೂಲಕ ಮರೆತುಹೋದ ಫಂಕ್ ಮತ್ತು ಸೋಲ್ ಹಾಡುಗಳನ್ನು 7 ಇಂಚಿನ ರೆಕಾರ್ಡುಗಳಾಗಿ ಮರುಮುದ್ರಿಸಿದರು. ನಡುನಡುವೆ ಇಬ್ಬರೂ ಒಟ್ಟಿಗೆ ಡಿಜೆ ಮಾಡುವುದು ನಿಲ್ಲಲಿಲ್ಲ. ಹಲವು ವರ್ಷಗಳ ಬಿಡುವಿನ ಬಳಿಕ 2021ರಲ್ಲಿ ಮಾಸ್ಟರ್ಸ್ ಅಟ್ ವರ್ಕ್ ಹೆಸರಿನಲ್ಲಿ 'ಮ್ಯಾಟೆಲ್' ಎಂಬ ಹೊಸ ಹಾಡು ಬಂತು.

ಹೌಸ್ ಸಂಗೀತವನ್ನು ಮೊದಲ ಬಾರಿಗೆ ಕೇಳಹೊರಟವರು ಇವರ ಕ್ಲಬ್ ರೆಕಾರ್ಡುಗಳಿಂದ ಶುರು ಮಾಡಬೇಕಿಲ್ಲ. 'ನ್ಯೂಯೊರಿಕನ್ ಸೋಲ್' ಆಲ್ಬಮ್ಮನ್ನು ಮೊದಲು ಪೂರ್ತಿ ಕೇಳಿ, ಆಮೇಲೆ 'ಲವ್ ಅಂಡ್ ಹ್ಯಾಪಿನೆಸ್', 'ಥ್ಯಾಂಕ್ ಯು' ಕೇಳಿ, ಕಿವಿ ತಾಳಕ್ಕೆ ಪಳಗಿದ ಮೇಲೆ 'ಡೀಪ್ ಇನ್‌ಸೈಡ್' ಮತ್ತು ಡಬ್‌ಗಳಿಗೆ ಬರುವುದು ಒಳ್ಳೆಯದು. ಬೇಸ್ ಚೆನ್ನಾಗಿ ಕೇಳುವ ಸ್ಪೀಕರು ಇರಲಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಈ ಸಂಗೀತದ ಅರ್ಧ ಭಾಗ ಕೇಳಿಸುವುದೇ ಇಲ್ಲ.